ಬಿಪಿ ನೋಡಿದರು, ಆಮೇಲೇನಾಯ್ತು?

ಹರಿಹರದ ಕಡೆಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೆ. ವರ್ಷಕ್ಕೊಮ್ಮೆ ಅಲ್ಲಿ ಹೆಲ್ತ್ ಕ್ಯಾಂಪ್ ಆಗುತ್ತಿತ್ತು. ಹಿಂದಿನ ದಿನವೇ ಕ್ಯಾಂಟೀನಿನ ಬೆಂಚುಗಳನ್ನು ಗೋಡೆಗೆ ಸರಿಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿ, ಬಾಗಿಲಿಗೆ ಫ್ಲೆಕ್ಸ್ ಕಟ್ಟುವುದು ನಮ್ಮ ಪಾಲಿನ ಕೆಲಸ. ಬೆಳಿಗ್ಗೆ ಲ್ಯಾಬಿನ ಹುಡುಗರು ವ್ಯಾನಿನಲ್ಲಿ ಬಂದಿಳಿಯುತ್ತಿದ್ದರು. ತೂಕ, ಎತ್ತರ, ಬಿಪಿ, ಬೆರಳು ಚುಚ್ಚಿ ಶುಗರ್, ಕಣ್ಣಿನ ಚಾರ್ಟ್. ಒಬ್ಬೊಬ್ಬರಿಗೆ ಮೂರು ನಿಮಿಷ ಸಿಕ್ಕರೆ ಜಾಸ್ತಿ. ಹೊರಗೆ ಬರುವಾಗ ಕೈಗೊಂದು ಬಾಳೆಹಣ್ಣು, ಒಂದು ಬಿಸ್ಕತ್ ಪೊಟ್ಟಣ. ಸಂಜೆ ಹೆಡ್ ಆಫೀಸಿಗೆ ಹೋಗುವ ಮೇಲ್‌ನಲ್ಲಿ ಎರಡೇ ವಿಷಯ: ಎಷ್ಟು ಜನಕ್ಕೆ ತಪಾಸಣೆ ಆಯಿತು ಅನ್ನುವುದು, ಮತ್ತೆ ನಾಲ್ಕು ಫೋಟೋ.

ಬಾಯ್ಲರ್ ಸೆಕ್ಷನ್‌ನಲ್ಲಿ ಒಬ್ಬರಿದ್ದರು. ವಯಸ್ಸಿನಲ್ಲಿ ದೊಡ್ಡವರು, ಎಲ್ಲರೂ ಅಣ್ಣ ಅಂತಲೇ ಕರೆಯುತ್ತಿದ್ದೆವು. ಒಂದು ವರ್ಷ ಅವರ ಚೀಟಿಯಲ್ಲಿ ಬಿಪಿ ಮೇಲಿನ ಅಂಕಿ 160 ದಾಟಿತ್ತು. ಕೆಳಗೆ ಕೆಂಪು ಪೆನ್ನಿನಲ್ಲಿ ‘ವೈದ್ಯರನ್ನು ಕಾಣಿ’ ಅಂತ ಬರೆದಿದ್ದರು. ಮರುವರ್ಷದ ಚೀಟಿಗಳನ್ನು ಫೈಲಿಗೆ ಹಾಕುವಾಗ ಮತ್ತೆ ಅವರ ಹೆಸರು ಕಣ್ಣಿಗೆ ಬಿತ್ತು. ಸುಮ್ನೆ ಕುತೂಹಲಕ್ಕೆ ಹಳೇ ಫೈಲ್ ತೆಗೆದು ಎರಡೂ ಚೀಟಿ ಪಕ್ಕಪಕ್ಕ ಇಟ್ಟೆ. ಅದೇ ಟೋಕನ್ ನಂಬರ್. ಬಿಪಿ ಮಾತ್ರ ಇನ್ನಷ್ಟು ಮೇಲೆ. ಕೆಳಗೆ ಅದೇ ಕೆಂಪು ಪೆನ್ನು, ಅದೇ ಮಾತು.

ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ಕೇಳಿದೆ. “ಹೋಗಾಕ್ ಆಗ್ಲಿಲ್ಲಪ್ಪ. ಒಂದಿನ ಹೋದ್ರೆ ಅವತ್ತಿನ ಪಗಾರನೂ ಹೋತು, ಹಾಜರಿ ಬೋನಸ್ಸೂ ಹೋತು. ನಂಗೇನ್ ಆಗೇತಿ ಬಿಡು” ಅಂದರು. ಕ್ಯಾಂಪಿನ ಲೆಕ್ಕದಲ್ಲಿ ಅವರು ಎರಡು ವರ್ಷ, ಎರಡು ಸಲ ಫಲಾನುಭವಿ.

ಆ ಎರಡು ಚೀಟಿ ಈಗ ಮತ್ತೆ ನೆನಪಾಗಲು ಕಾರಣ ಇದೆ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ 2020ರ ಸಂಹಿತೆ ಅದರಲ್ಲಿ ಒಂದು. 40 ವರ್ಷ ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಅನ್ನುವುದು ಇದರ ಜೊತೆ ಸರ್ಕಾರ ಎತ್ತಿ ಹೇಳಿದ ಮಾತು. ಅಂದರೆ ಇನ್ನು ಮುಂದೆ ದಾವಣಗೆರೆಯ ಗಾರ್ಮೆಂಟ್ಸು, ರೈಸ್ ಮಿಲ್ಲು, ಹರಿಹರದ ವರ್ಕ್‌ಶಾಪು, ಚಳ್ಳಕೆರೆಯ ಎಣ್ಣೆ ಮಿಲ್ಲು, ಎಲ್ಲ ಕಡೆ ಕ್ಯಾಂಪ್ ಜಾಸ್ತಿ ಆಗುತ್ತವೆ. ಆಗಲಿ. ಎಷ್ಟೋ ಜನರ ತೋಳಿಗೆ ಜೀವನದಲ್ಲಿ ಮೊದಲ ಸಲ ಬಿಪಿ ಪಟ್ಟಿ ಸುತ್ತುವುದು ಇಂಥ ಕ್ಯಾಂಪಿನಲ್ಲೇ. ಆದರೆ ನಡೆದ ಕಾರ್ಯಕ್ರಮ ಒಳ್ಳೆಯದೋ, ಬರೀ ಬ್ಯಾನರೋ ಅಂತ ಗುರುತಿಸುವುದು ಹೇಗೆ? ಈ ಪ್ರಶ್ನೆಯನ್ನು ನಮ್ಮಲ್ಲಿ ಕೇಳುವವರು ಕಡಿಮೆ. ಕೇಳಿದರೂ ಉತ್ತರವಾಗಿ ಬರುವುದು ತಪಾಸಣೆ ಆದವರ ಸಂಖ್ಯೆ.

ಕಾನೂನು ಹೊಸದಾಗಿ ಏನೋ ಹೇಳುತ್ತಿದೆ ಅಂತಲೂ ಅಂದುಕೊಳ್ಳಬೇಡಿ. 1948ರ ಕಾರ್ಖಾನೆ ಕಾಯ್ದೆಯಲ್ಲೇ 150 ಕಾರ್ಮಿಕರಿಗೆ ಒಂದರಂತೆ ಫಸ್ಟ್ ಏಯ್ಡ್ ಪೆಟ್ಟಿಗೆ ಇರಬೇಕು, 500ಕ್ಕಿಂತ ಜಾಸ್ತಿ ಜನ ಇದ್ದರೆ ಆಂಬುಲೆನ್ಸ್ ರೂಮ್ ಇರಬೇಕು ಅಂತ ಇತ್ತು. ಭೋಪಾಲ್ ದುರಂತ ಆದಮೇಲೆ 1987ರಲ್ಲಿ ತಿದ್ದುಪಡಿ ತಂದು, ಅಪಾಯದ ಕೆಲಸ ಮಾಡುವವರಿಗೆ ಕೆಲಸಕ್ಕೆ ಹಾಕುವ ಮೊದಲು ಒಮ್ಮೆ, ಆಮೇಲೆ ಹೆಚ್ಚೆಂದರೆ 12 ತಿಂಗಳಿಗೊಮ್ಮೆ ತಪಾಸಣೆ ಕಡ್ಡಾಯ ಮಾಡಿದರು. ಇನ್‌ಸ್ಪೆಕ್ಟರ್ ಬಂದರೆ ಇವೆಲ್ಲ ಇದೆಯಾ ಅಂತ ನೋಡುತ್ತಾರೆ. ಪೆಟ್ಟಿಗೆ ಇದೆ, ರೂಮ್ ಇದೆ, ರಿಜಿಸ್ಟರ್ ಇದೆ. ಟಿಕ್, ಟಿಕ್, ಟಿಕ್. ಪೆಟ್ಟಿಗೆಯ ಕೀಲಿ ಯಾರ ಹತ್ತಿರ ಇದೆ, ನೈಟ್ ಶಿಫ್ಟಿನಲ್ಲಿ ಅವರು ಇರುತ್ತಾರಾ ಅನ್ನುವುದಕ್ಕೆ ಟಿಕ್ ಹಾಕುವ ಜಾಗ ಫಾರಂನಲ್ಲಿ ಇರುವುದಿಲ್ಲ.

ಆರೋಗ್ಯ ಸೇವೆಯ ಗುಣಮಟ್ಟ ಅಳೆಯುವವರೆಲ್ಲ ಇವತ್ತಿಗೂ ನೆನೆಯುವ ಹೆಸರು ಅವೆಡಿಸ್ ಡೊನಾಬೇಡಿಯನ್. ಬೈರೂತ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ವೈದ್ಯ. 1966ರಲ್ಲಿ ಆತ ಬರೆದ ಒಂದು ಪ್ರಬಂಧದ ಸಾರವನ್ನು ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಮೂರು ಪ್ರಶ್ನೆ. ಏನಿದೆ? ಏನು ಮಾಡುತ್ತಾರೆ? ಏನಾಯಿತು? ಪೆಟ್ಟಿಗೆ, ಡಾಕ್ಟರು, ಯಂತ್ರ ಇವು ಮೊದಲನೆಯದು. ಬಿಪಿ ನೋಡಿದ್ದು, ಚೀಟಿ ಕೊಟ್ಟಿದ್ದು ಎರಡನೆಯದು. ಅಣ್ಣನ ಬಿಪಿ ಇಳಿಯಿತಾ ಅನ್ನುವುದು ಮೂರನೆಯದು. ನಮ್ಮ ಕ್ಯಾಂಪಿನ ವರದಿಗಳು ಮೊದಲನೆಯದರಲ್ಲಿ ಶುರುವಾಗಿ ಎರಡನೆಯದರ ಅರ್ಧಕ್ಕೇ ನಿಂತುಬಿಡುತ್ತವೆ.

ಎರಡನೆಯದನ್ನಾದರೂ ಸರಿಯಾಗಿ ಮಾಡುತ್ತೇವಾ? ಬಿಪಿ ನೋಡುವುದಕ್ಕೂ ಒಂದು ಕ್ರಮ ಇದೆ. ಅರ್ಧ ಗಂಟೆ ಮುಂಚೆ ಟೀ, ಬೀಡಿ ಮುಟ್ಟಿರಬಾರದು. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂತಿರಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು, ಮಾತಾಡಬಾರದು, ಕಡೇಪಕ್ಷ ಎರಡು ಸಲ ನೋಡಬೇಕು. ನಮ್ಮ ಕ್ಯಾಂಪಿನಲ್ಲಿ ನೈಟ್ ಶಿಫ್ಟ್ ಮುಗಿಸಿ, ಟೀ ಕುಡಿದು, ಬಸ್ ತಪ್ಪುತ್ತದೆ ಅಂತ ಗಡಿಬಿಡಿಯಲ್ಲಿ ಬಂದು ಸ್ಟೂಲ್ ಮೇಲೆ ಕೂತವನ ಬಿಪಿಯನ್ನು ಒಂದೇ ಸಲ ನೋಡಿ ಬರೆದುಕೊಳ್ಳುತ್ತಿದ್ದರು. ಅದರಲ್ಲಿ ಒಂದು ಮೋಜು ಬೇರೆ ಇದೆ. ಹಾಗೆ ಗಡಿಬಿಡಿಯಲ್ಲಿ ಜಾಸ್ತಿ ಬಂದವರನ್ನು ಮಾತ್ರ ಆರಿಸಿ ಒಂದು ತಿಂಗಳು ಬಿಟ್ಟು ಮತ್ತೆ ನೋಡಿ. ಏನೂ ಔಷಧಿ ಕೊಡದಿದ್ದರೂ ಒಟ್ಟು ಸರಾಸರಿ ಸ್ವಲ್ಪ ಇಳಿದಿರುತ್ತದೆ. ಅವತ್ತು ಏನೋ ಕಾರಣಕ್ಕೆ ಮೇಲೆ ಹೋಗಿದ್ದದ್ದು ಇವತ್ತು ತನ್ನಷ್ಟಕ್ಕೆ ಕೆಳಗೆ ಬಂದಿರುತ್ತದೆ. ನಡುವೆ ಯಾರಾದರೂ ಒಂದು ಯೋಗ ಶಿಬಿರ ಮಾಡಿಸಿದ್ದರೆ ಇಳಿದ ಶ್ರೇಯಸ್ಸೆಲ್ಲ ಯೋಗದ ಗುರುವಿಗೆ.

ಇದು ಬರೀ ನಮ್ಮೂರಿನ ಎಡವಟ್ಟಲ್ಲ. ಅಮೆರಿಕದಲ್ಲಿ ಕಂಪನಿಗಳ ‘ವೆಲ್‌ನೆಸ್’ ಕಾರ್ಯಕ್ರಮ ಅಂದರೆ ಕೋಟ್ಯಂತರ ಡಾಲರ್ ವ್ಯವಹಾರ. ಅಲ್ಲಿ 2010ರಲ್ಲಿ ಕ್ಯಾಥರೀನ್ ಬೇಕರ್, ಡೇವಿಡ್ ಕಟ್ಲರ್, ಜಿರುಯಿ ಸಾಂಗ್ ಎಂಬ ಮೂವರು ಅಲ್ಲಿಯವರೆಗೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿದರು. ಇಂಥ ಕಾರ್ಯಕ್ರಮಕ್ಕೆ ಒಂದು ಡಾಲರ್ ಹಾಕಿದರೆ ಚಿಕಿತ್ಸೆಯ ಖರ್ಚಿನಲ್ಲಿ 3.27 ಡಾಲರ್ ಉಳಿಯುತ್ತದೆ ಅಂತ ಬಂತು. ಕಂಪನಿಗಳಿಗೆ ಇನ್ನೇನು ಬೇಕು? ಆ ಅಂಕಿ ಎಲ್ಲ ಕಡೆ ಓಡಾಡಿತು. ವೆಲ್‌ನೆಸ್ ಮಾರುವವರ ಬಾಯಲ್ಲಂತೂ ಮಂತ್ರ ಆಯಿತು.

ಆಮೇಲೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇದನ್ನು ಗಟ್ಟಿಯಾಗಿ ಪರೀಕ್ಷೆ ಮಾಡಿದರು. ಹೆಸರು ಕೊಟ್ಟ 4,834 ನೌಕರರಲ್ಲಿ 3,300 ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಅವರಿಗೆ ಮಾತ್ರ ಕಾರ್ಯಕ್ರಮ ಕೊಟ್ಟರು. ಉಳಿದವರಿಗೆ ಇಲ್ಲ. ಆಮೇಲೆ ಎರಡೂ ಗುಂಪನ್ನು ಹೋಲಿಸಿದರು. ಚಿಕಿತ್ಸೆಯ ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಇಷ್ಟಕ್ಕೇ ನಿಲ್ಲಿಸಲಿಲ್ಲ. ಅದೇ ಮಾಹಿತಿ ಇಟ್ಟುಕೊಂಡು ಹಳೇ ಪದ್ಧತಿಯಲ್ಲಿ, ಅಂದರೆ ಬಂದವರನ್ನು ಬರದವರ ಜೊತೆ ಹೋಲಿಸಿ ನೋಡಿದರು. ಆಗ ಕಾರ್ಯಕ್ರಮದಿಂದ ಭಾರೀ ಲಾಭ ಆದ ಹಾಗೇ ಕಂಡಿತು! ಗುಟ್ಟು ಏನೆಂದರೆ, ಬಂದವರು ಬರುವ ಮೊದಲೇ ಆರೋಗ್ಯವಾಗಿದ್ದರು. ಅವರ ಆಸ್ಪತ್ರೆ ಖರ್ಚು ಮುಂಚಿನಿಂದಲೂ ಕಡಿಮೆ ಇತ್ತು.

ಬೆಳಿಗ್ಗೆ ಆರಕ್ಕೆ ಕುಂದುವಾಡ ಕೆರೆ ಏರಿಯ ಮೇಲೆ ಒಂದು ಟೇಬಲ್ ಹಾಕಿಕೊಂಡು, ವಾಕಿಂಗ್ ಬಂದವರ ಬಿಪಿ ಶುಗರ್ ನೋಡಿ ಇಡೀ ದಾವಣಗೆರೆ ಬಲು ಆರೋಗ್ಯವಾಗಿದೆ ಅಂತ ಬರೆದ ಹಾಗೆ ಇದು. ಆ ಹೊತ್ತಿಗೆ ಎಪಿಎಂಸಿ ಯಾರ್ಡಿನಲ್ಲಿ ಲಾರಿಯಿಂದ ಚೀಲ ಇಳಿಸುತ್ತಿರುವ ಹಮಾಲಿ ನಿಮ್ಮ ಟೇಬಲ್ ಹತ್ತಿರ ಬರುವುದೇ ಇಲ್ಲ, ಅಲ್ವಾ?

ಇನ್ನೊಂದು ಅಧ್ಯಯನದ ಕಥೆ ನನಗೆ ಇನ್ನೂ ಇಷ್ಟ. ಬಿಜೆಸ್ ಎನ್ನುವ ಅಂಗಡಿ ಸರಪಳಿಯ 160 ಕಡೆಗಳಲ್ಲಿ 20ನ್ನು ಚೀಟಿ ಎತ್ತಿದಂತೆ ಆರಿಸಿ ಅಲ್ಲಿ ಮಾತ್ರ ಕಾರ್ಯಕ್ರಮ ನಡೆಸಿದರು. ಒಟ್ಟು ಹತ್ತಿರಹತ್ತಿರ 33,000 ನೌಕರರು. ಒಂದೂವರೆ ವರ್ಷದ ನಂತರ ನೋಡಿದರೆ, ಕಾರ್ಯಕ್ರಮ ಇದ್ದ ಕಡೆಯವರು ನಾವು ಜಾಸ್ತಿ ವ್ಯಾಯಾಮ ಮಾಡುತ್ತೇವೆ, ತೂಕದ ಮೇಲೆ ನಿಗಾ ಇಟ್ಟಿದ್ದೇವೆ ಅಂತ ಹೇಳಿಕೊಂಡರು. ಆದರೆ ಬಿಪಿ, ಕೊಲೆಸ್ಟರಾಲ್, ತೂಕ, ರಜೆ, ಆಸ್ಪತ್ರೆ ಖರ್ಚು ಯಾವುದರಲ್ಲೂ ಗಣನೀಯ ವ್ಯತ್ಯಾಸ ಇರಲಿಲ್ಲ. 2019ರಲ್ಲಿ ಇದನ್ನು ಪ್ರಕಟಿಸಿದವರು ಯಾರು ಗೊತ್ತಾ? ಸಾಂಗ್ ಮತ್ತು ಬೇಕರ್. ಆ 3.27 ಡಾಲರಿನ ಮೂವರಲ್ಲಿ ಇಬ್ಬರು. ತಮ್ಮದೇ ಹಳೇ ಲೆಕ್ಕವನ್ನು ಗಟ್ಟಿ ಪರೀಕ್ಷೆಗೆ ಒಡ್ಡಿ, ಬಂದದ್ದನ್ನು ಬಂದ ಹಾಗೆ ಹೇಳಿದರು. ನಮ್ಮ ಕಡೆ ಕ್ಯಾಂಪ್ ವರದಿ ಬರೆಯುವವರಿಂದ ಇಷ್ಟು ನಿರೀಕ್ಷಿಸುವುದು ದುರಾಸೆ. ಆದರೆ ಒಂದು ಪಾಠವಂತೂ ನೇರವಾಗಿ ತೆಗೆದುಕೊಳ್ಳಬಹುದು. ‘ಕಾರ್ಯಕ್ರಮ ಚೆನ್ನಾಗಿತ್ತಾ?’ ಅಂತ ಫೀಡ್‌ಬ್ಯಾಕ್ ಫಾರಂ ತುಂಬಿಸಿಕೊಂಡರೆ ಚೆನ್ನಾಗಿತ್ತು ಅಂತಲೇ ಬರುತ್ತದೆ. ಬಾಳೆಹಣ್ಣು ಕೊಟ್ಟಿರುತ್ತಾರೆ, ಮೇಲಾಗಿ ಫಾರಂ ತುಂಬಿಸುವವರು ಮ್ಯಾನೇಜರ್ ಕಡೆಯವರು.

ಅಮೆರಿಕದ್ದು ಅಲ್ಲಿಗಿರಲಿ. ಅಲ್ಲಿ ಅಳೆದದ್ದು ಹೆಚ್ಚಾಗಿ ಜನರ ಅಭ್ಯಾಸಗಳನ್ನು. ಏನು ತಿನ್ನುತ್ತಾರೆ, ಎಷ್ಟು ನಡೆಯುತ್ತಾರೆ. ನಮ್ಮ ಸೀಮೆಯಲ್ಲಿ ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ, ಕೆಲಸವೇ ಮನುಷ್ಯನಿಗೆ ಏನು ಮಾಡುತ್ತಿದೆ ಅನ್ನುವುದು.

ದಾವಣಗೆರೆಯನ್ನು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ಮಿಲ್ಲುಗಳ ಸೈರನ್ನಿಗೆ ಊರು ಏಳುತ್ತಿತ್ತು. ಹತ್ತಿ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗೆ ಬಿಸಿನೋಸಿಸ್ ಅಂತ ಹೆಸರು. ಇದರ ಗುಣ ವಿಚಿತ್ರ. ವಾರದ ರಜೆ ಮುಗಿಸಿ ಬಂದ ಮೊದಲ ದಿನ ಎದೆ ಹಿಡಿದ ಹಾಗಾಗುತ್ತದೆ, ಉಸಿರು ಕಟ್ಟುತ್ತದೆ. ಎರಡನೇ ದಿನ, ಮೂರನೇ ದಿನ ಕಡಿಮೆ ಆಗುತ್ತಾ ಬರುತ್ತದೆ. ಮೊದಮೊದಲು ಹೀಗೆ. ವರ್ಷಗಳು ಕಳೆದ ಹಾಗೆ ವಾರಪೂರ್ತಿ ಉಳಿದುಬಿಡುತ್ತದೆ. ರಜೆಯ ಮಾರನೇ ದಿನ ಬರುವ ಈ ಎದೆಬಿಗಿತ ಶುರುವಿನಲ್ಲಿ ಮಿಲ್ ಮೇಸ್ತ್ರಿಗೆ ಕೆಲಸಗಳ್ಳತನದ ಹಾಗೆ ಕಾಣುವುದು ಸಹಜ. ನಿನ್ನೆ ಜಾಸ್ತಿ ಕುಡಿದಿರಬೇಕು ಅಂದು ಸುಮ್ಮನಾಗುತ್ತಾರೆ.

ಇದನ್ನು ಹಿಡಿಯಬೇಕಾದರೆ ರಜೆ ಮುಗಿದ ಮೊದಲ ದಿನವೇ, ಶಿಫ್ಟ್ ಶುರುವಾಗುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಊದುವ ಪರೀಕ್ಷೆ ಮಾಡಬೇಕು. ಸ್ಪೈರೋಮೆಟ್ರಿ ಅನ್ನುತ್ತಾರಲ್ಲ, ಅದು. ಬೆಳಿಗ್ಗೆಗಿಂತ ಸಂಜೆ ಊದುವ ಶಕ್ತಿ ಕುಸಿದಿದ್ದರೆ ಧೂಳಿನ ಮೇಲೆ ಅನುಮಾನ. ಅದನ್ನು ಬಿಟ್ಟು ಗುರುವಾರ ಮಧ್ಯಾಹ್ನ ವ್ಯಾನ್ ಖಾಲಿ ಇತ್ತು ಅಂತ ಬಂದು ಊದಿಸಿದರೆ ಎಲ್ಲರೂ ಪಾಸ್. ಯಂತ್ರ ಒಂದೇ, ಡಾಕ್ಟರೂ ಒಬ್ಬರೇ, ದಿನ ಮಾತ್ರ ತಪ್ಪು. ಕಿವಿಯ ಪರೀಕ್ಷೆಯದ್ದೂ ಇದೇ ಗೋಳು. ಗದ್ದಲದಲ್ಲಿ ಕೆಲಸ ಮಾಡುವವರ ಕಿವಿ ಮೊದಲು ಕಳೆದುಕೊಳ್ಳುವುದು 4,000 ಹರ್ಟ್ಸ್ ಆಸುಪಾಸಿನ ಕೀಚಲು ದನಿಯನ್ನು. ಮಾತು ಕೇಳುತ್ತಿರುತ್ತದೆ, ಹಾಗಾಗಿ ಅವರಿಗೇ ಗೊತ್ತಾಗುವುದಿಲ್ಲ. ಅಮೆರಿಕದ ನಿಯಮದಲ್ಲಿ ಮೊದಲ ಸಲದ ಕಿವಿ ಪರೀಕ್ಷೆಗೆ ಮುಂಚೆ 14 ಗಂಟೆ ಕೆಲಸದ ಗದ್ದಲದಿಂದ ದೂರ ಇರಬೇಕು ಅಂತ ಇದೆ. ನಮ್ಮಲ್ಲಿ ಕಂಪ್ರೆಸರ್ ಪಕ್ಕದ ರೂಮಿನಲ್ಲೇ ಹೆಡ್‌ಫೋನ್ ಹಾಕಿ ಕೂರಿಸಿದ್ದನ್ನು ನಾನೇ ನೋಡಿದ್ದೇನೆ.

ಹಾಗಾಗಿ ಕಾರ್ಯಕ್ರಮ ಹೇಗಿದೆ ಅಂತ ತಿಳಿಯಲು ನಾನು ಮೊದಲು ಕೇಳುವುದು ಇದನ್ನೇ: ಇಲ್ಲಿಯ ಕೆಲಸದಲ್ಲಿರುವ ಅಪಾಯಕ್ಕೂ ನೀವು ಮಾಡಿಸುವ ಪರೀಕ್ಷೆಗೂ ಏನಾದರೂ ಸಂಬಂಧ ಇದೆಯಾ? ಧೂಳಿನಲ್ಲಿ ಕೆಲಸ ಮಾಡುವವನಿಗೂ ಶುಗರ್, ಗದ್ದಲದಲ್ಲಿ ಇರುವವನಿಗೂ ಶುಗರ್, ದಿನವಿಡೀ ಬಗ್ಗಿ ಹೊಲಿಗೆ ಹಾಕುವ ಅಕ್ಕನಿಗೂ ಶುಗರ್. ಲ್ಯಾಬಿನವರ ಪ್ಯಾಕೇಜ್‌ನಲ್ಲಿ ಏನಿದೆಯೋ ಅದೇ ಎಲ್ಲರಿಗೂ. ಶುಗರ್ ನೋಡಬಾರದು ಅಂತಲ್ಲ. ಅದೊಂದನ್ನೇ ನೋಡಿ ಧೂಳಿನ ಬಗ್ಗೆ ಬಾಯಿ ಮುಚ್ಚಿಕೊಂಡರೆ, ತಪ್ಪೆಲ್ಲ ಕಾರ್ಮಿಕನ ಊಟದ್ದು ಅಂತ ಹೇಳಿದ ಹಾಗಾಗುತ್ತದೆ.

ಇನ್ನು ಲೆಕ್ಕಕ್ಕೇ ಬಾರದವರ ವಿಷಯ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನು ನೋಡದವರು ಒಮ್ಮೆ ಏಪ್ರಿಲ್ ಮಧ್ಯಾಹ್ನ ಹೋಗಿ ಬನ್ನಿ. ತಗಡಿನ ಮಾಡು. ಒಲೆಗೆ ಹೊಟ್ಟು ಸುರಿಯುತ್ತಾ ಒಬ್ಬರು, ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಾ ಒಬ್ಬರು. ಅಕ್ಕಿ ಚಟಚಟ ಅರಳುವ ಸದ್ದು, ಹೊಗೆ, ಮೈಗೆಲ್ಲ ಅಂಟುವ ಬೂದಿ. ಜರಡಿ ಹಿಡಿದ ಹೆಂಗಸರ ಹುಬ್ಬು ಕೂದಲೂ ಬೆಳ್ಳಗೆ. ಮನೆಮಂದಿ ಮತ್ತು ಒಂದಿಬ್ಬರು ಕೂಲಿಯವರು ಸೇರಿ ನಡೆಸುವ ಭಟ್ಟಿ ಅದು. ಇಎಸ್ಐ, ಅಂದರೆ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ, ಕಡ್ಡಾಯ ಆಗಬೇಕೆಂದರೆ ಸಾಮಾನ್ಯವಾಗಿ 10 ಜನ ಕೆಲಸಗಾರರಿರಬೇಕು. ಹಳೇ ಕಾಯ್ದೆಯಲ್ಲಿ ಕರೆಂಟ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ಇದ್ದರೆ ಕಾರ್ಖಾನೆ ಅನ್ನುತ್ತಿದ್ದರು. ಹೊಸ ಸಂಹಿತೆಯಲ್ಲಿ ಅದು 20 ಮತ್ತು 40 ಆಗಿದೆ. ಭಟ್ಟಿಯವರು ಮೊದಲೂ ಹೊರಗೆ, ಈಗಲೂ ಹೊರಗೆ. ಜಿಲ್ಲೆಯ ಕಾರ್ಖಾನೆಗಳಲ್ಲಿ ತಪಾಸಣೆ ನೂರಕ್ಕೆ ನೂರು ಆಗಿದೆ ಅಂತ ನಾಳೆ ಯಾರಾದರೂ ಹೇಳಿದರೆ, ಆ ನೂರು ಯಾವ ನೂರು ಅಂತ ಕೇಳಬೇಕು.

ಗೇಟಿನ ಒಳಗೂ ಇದೇ ಆಟ ಇದೆ. ನಮ್ಮ ಕ್ಯಾಂಪಿಗೆ ಕಂಪನಿ ರೋಲ್‌ನಲ್ಲಿದ್ದವರಿಗೆ ಮಾತ್ರ ಟೋಕನ್. ಕಾಂಟ್ರಾಕ್ಟ್ ಲೇಬರ್‌ಗೆ ಅವರ ಕಾಂಟ್ರಾಕ್ಟರೇ ಮಾಡಿಸಬೇಕು ಅಂತ ನಿಯಮ. ಅವರು ಒಂದು ಫಿಟ್‌ನೆಸ್ ಸರ್ಟಿಫಿಕೇಟ್ ತಂದು ಕೊಡುತ್ತಿದ್ದರು. ಸಾಲಾಗಿ ಅಷ್ಟೂ ಜನರ ಬಿಪಿ 120/80. ಅಷ್ಟು ಅಚ್ಚುಕಟ್ಟಾದ ಬಿಪಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ತಮಾಷೆಯೆಂದರೆ ಅತಿ ಹೆಚ್ಚು ಧೂಳು, ಅತಿ ಹೆಚ್ಚು ಬಿಸಿ ಇರುವ ಕಡೆ ಇದ್ದವರು ಅವರೇ.

ಇದಕ್ಕಿಂತ ಸೂಕ್ಷ್ಮವಾದ ಮೋಸ ಇನ್ನೊಂದಿದೆ, ಇದನ್ನು ಯಾರೂ ಬೇಕಂತ ಮಾಡುವುದಿಲ್ಲ. ಕೆಮ್ಮು ಜೋರಾದವನು ಕೆಲಸ ಬಿಟ್ಟು ಊರಿಗೆ ಹೋಗುತ್ತಾನೆ. ಬೆನ್ನು ಹೋದವನು ಹಮಾಲಿ ಬಿಟ್ಟು ಗೂಡಂಗಡಿ ಇಡುತ್ತಾನೆ. ಉಳಿದವರು ಗಟ್ಟಿಮುಟ್ಟಾದವರು. ಕ್ಯಾಂಪಿನ ದಿನ ಸಾಲಿನಲ್ಲಿ ನಿಲ್ಲುವುದು ಅವರೇ. ಹಾಗಾಗಿ ವರದಿ ಯಾವಾಗಲೂ ಚೆನ್ನಾಗಿಯೇ ಬರುತ್ತದೆ. ಸಂಶೋಧಕರು ಇದಕ್ಕೆ ಹೆಲ್ದಿ ವರ್ಕರ್ ಎಫೆಕ್ಟ್ ಅನ್ನುತ್ತಾರೆ. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಹೊಸದುರ್ಗದ ಕಡೆ ಕಬ್ಬಿಣ, ಮ್ಯಾಂಗನೀಸ್ ಅದಿರಿನ ಗಣಿಗಳಿವೆ. ಗಣಿ ಕೆಲಸಗಾರರಿಗೆ ಸೇರುವಾಗ ಒಮ್ಮೆ, ಆಮೇಲೆ ಐದು ವರ್ಷಕ್ಕೊಮ್ಮೆ ತಪಾಸಣೆ ಅಂತ 1955ರ ಗಣಿ ನಿಯಮಗಳಲ್ಲೇ ಇದೆ. ಆದರೆ ಕಲ್ಲಿನ ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್ ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೆ ತಲೆ ಎತ್ತಬಹುದು. ಆಗ ಅವನು ಯಾರ ರಿಜಿಸ್ಟರಿನಲ್ಲೂ ಇರುವುದಿಲ್ಲ. ಹಾಗೆ ನೋಡಿದರೆ ಕಾರ್ಖಾನೆ ಕಾಯ್ದೆಗೆ 1987ರ ತಿದ್ದುಪಡಿ ಬರೆದವರಿಗೆ ಇದು ಹೊಳೆದಿತ್ತು. ಅಪಾಯದ ಕೆಲಸ ಬಿಟ್ಟ ಮೇಲೂ ತಪಾಸಣೆ ಮುಂದುವರಿಯಬೇಕು ಅಂತ ಅದರಲ್ಲಿ ಬರೆದಿದ್ದಾರೆ. ಕೆಲಸ ಬಿಟ್ಟವರನ್ನು ಹುಡುಕಿಕೊಂಡು ಹೋಗಿ ಪರೀಕ್ಷೆ ಮಾಡಿಸಿದ್ದನ್ನು ನನ್ನ ಸರ್ವಿಸಿನಲ್ಲಿ ನಾನು ಕಂಡಿಲ್ಲ. ಬಿಟ್ಟವರ ಪಟ್ಟಿ ಇಟ್ಟುಕೊಂಡು, ಯಾಕೆ ಬಿಟ್ಟರು ಅಂತ ಎದುರಿಗೆ ಬರೆದಿಡುವ ಕಂಪನಿ ಸಿಕ್ಕರೆ, ಅವರ ಆರೋಗ್ಯ ಕಾರ್ಯಕ್ರಮದ ಮೇಲೆ ನನಗೆ ಅರ್ಧ ನಂಬಿಕೆ ಅಲ್ಲೇ ಬರುತ್ತದೆ.

ಪರೀಕ್ಷೆ ಸರಿಯಾಗಿ ಮಾಡಿ, ಎಲ್ಲರನ್ನೂ ಸೇರಿಸಿಕೊಂಡರೂ, ಜನ ನಿಜ ಹೇಳುತ್ತಾರಾ? ಕಣ್ಣಿನ ಚಾರ್ಟ್ ನೆನಪಿಸಿಕೊಳ್ಳಿ. ಸಾಲಿನಲ್ಲಿ ಮುಂದಿನವನು ಜೋರಾಗಿ ಓದುತ್ತಾನೆ. ಹಿಂದೆ ನಿಂತ ಡ್ರೈವರ್ ಅಷ್ಟೂ ಅಕ್ಷರ ಬಾಯಿಪಾಠ ಮಾಡಿಕೊಳ್ಳುತ್ತಾನೆ. ತನ್ನ ಸರದಿ ಬಂದಾಗ ಕಣ್ಣು ಕಿರಿದು ಮಾಡಿ, ನೋಡಿ ಓದಿದವನ ಹಾಗೆ ಒಪ್ಪಿಸಿಬಿಡುತ್ತಾನೆ. ಫೇಲಾದರೆ ಗಾಡಿ ಕಸಿದುಕೊಳ್ಳುತ್ತಾರೆ ಅಂತ ಅವನಿಗೆ ಗೊತ್ತು. ನಮ್ಮಲ್ಲಿ ಚೀಟಿಗಳು ನೇರ ಟೈಮ್ ಆಫೀಸಿಗೆ ಬರುತ್ತಿದ್ದವು. ನಾನು ಓದುತ್ತಿದ್ದೆ, ಸೂಪರ್‌ವೈಸರ್ ಓದುತ್ತಿದ್ದರು, ಟೀ ತರುವ ಹುಡುಗನೂ ಇಣುಕುತ್ತಿದ್ದ. ಅಣ್ಣನ ಬಿಪಿ ನನಗೆ ಗೊತ್ತಾಗಿದ್ದೇ ಹಾಗೆ. ಅದು ನನಗೆ ಗೊತ್ತಾಗಬಾರದಿತ್ತು. ಡಾಕ್ಟರಿಗೆ ಮತ್ತು ಅವರಿಗೆ ಮಾತ್ರ ಗೊತ್ತಿರಬೇಕಾದ್ದು. ಎಷ್ಟು ಜನರಿಗೆ ಜಾಸ್ತಿ ಇದೆ ಅನ್ನುವ ಒಟ್ಟು ಲೆಕ್ಕ ಸಿಕ್ಕರೆ ಆಫೀಸಿಗೆ ಸಾಕು.

ಈಗ ‘ವೈದ್ಯರನ್ನು ಕಾಣಿ’ ಅನ್ನುವ ಕೆಂಪು ಅಕ್ಷರಕ್ಕೆ ಬರೋಣ. ಅಣ್ಣನಿಗೆ ಇಎಸ್ಐ ಇತ್ತು. ಸಂಬಳದಿಂದ 0.75 ಪರ್ಸೆಂಟ್ ಅವರದ್ದು ಹಿಡಿಯುತ್ತಾರೆ, ಮಾಲೀಕರು 3.25 ಪರ್ಸೆಂಟ್ ಕಟ್ಟುತ್ತಾರೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇದು ಅನ್ವಯ. ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲು ಆಗದಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ 70 ಪರ್ಸೆಂಟ್ ಸಿಗುತ್ತದೆ. ಕಾಗದದ ಮೇಲೆ ಒಳ್ಳೆಯ ಯೋಜನೆ. ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ದುಡ್ಡಿಲ್ಲ. ಬಿಪಿ ತೋರಿಸಲು ಬೇಕಾದದ್ದು ಒಂದೇ ದಿನ. ಹರಿಹರದಿಂದ ಬಸ್ ಹತ್ತಿ ದಾವಣಗೆರೆಯ ಇಎಸ್ಐ ಆಸ್ಪತ್ರೆಗೆ ಹೋಗಿ, ಚೀಟಿ ಮಾಡಿಸಿ, ಸಾಲಿನಲ್ಲಿ ನಿಂತು, ಮಾತ್ರೆ ತಗೊಂಡು ಬರುವಷ್ಟರಲ್ಲಿ ಶಿಫ್ಟ್ ಮುಗಿದಿರುತ್ತದೆ. ಆ ಒಂದು ದಿನಕ್ಕೆ ಇಎಸ್ಐಯಿಂದಲೂ ಏನಿಲ್ಲ, ಕಂಪನಿಯಿಂದಲೂ ಏನಿಲ್ಲ. ಮೇಲೆ ಹಾಜರಿ ಬೋನಸ್ ಕಟ್. ತಿಂಗಳಿಗೊಮ್ಮೆ ಮಾತ್ರೆಗೆ ಹೋಗಬೇಕಾದರೆ ಪ್ರತಿ ತಿಂಗಳೂ ಕಟ್. ಅವರು ಹೋಗದಿದ್ದದ್ದರಲ್ಲಿ ಅಜ್ಞಾನ ಏನೂ ಇರಲಿಲ್ಲ. ಲೆಕ್ಕ ಹಾಕಿಯೇ ಹೋಗಲಿಲ್ಲ. ಅವರಿಗೆ ಉಪ್ಪು ಕಮ್ಮಿ ತಿನ್ನಿ ಅಂತ ಪೋಸ್ಟರ್ ಅಂಟಿಸಿ ಏನು ಪ್ರಯೋಜನ? ತಿಂಗಳಿಗೆ ಅರ್ಧ ದಿನ ಪಗಾರ ಕಡಿಯದೆ ಬಿಟ್ಟಿದ್ದರೆ ಆ ಇಡೀ ಕ್ಯಾಂಪಿಗಿಂತ ಹೆಚ್ಚಿನ ಕೆಲಸ ಆಗುತ್ತಿತ್ತು.

ಬಿಪಿಯ ವಿಷಯದಲ್ಲಿ ವೈದ್ಯರು ಅರ್ಧರ್ಧದ ನಿಯಮ ಅಂತ ಒಂದು ಹೇಳುತ್ತಾರೆ. ಬಿಪಿ ಇರುವವರಲ್ಲಿ ಅರ್ಧ ಜನರಿಗೆ ಇದೆ ಅಂತಲೇ ಗೊತ್ತಿರುವುದಿಲ್ಲ. ಗೊತ್ತಿರುವವರಲ್ಲಿ ಅರ್ಧ ಜನ ಔಷಧಿ ತಗೊಳ್ಳುವುದಿಲ್ಲ. ತಗೊಳ್ಳುವವರಲ್ಲೂ ಅರ್ಧ ಜನರಿಗೇ ಹತೋಟಿಗೆ ಬರುವುದು. ಕ್ಯಾಂಪ್ ಬಿಡಿಸುವುದು ಈ ಮೂರು ಗಂಟಲ್ಲಿ ಮೊದಲನೆಯದನ್ನು ಮಾತ್ರ. 2017ರ ನವೆಂಬರ್‌ನಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದವರು ಎಷ್ಟು ಜನರ ಬಿಪಿ ನೋಡಿದೆವು ಅನ್ನುವುದಕ್ಕೇ ನಿಲ್ಲಲಿಲ್ಲ. ನೋಂದಾಯಿಸಿಕೊಂಡವರಲ್ಲಿ ಎಷ್ಟು ಜನರದ್ದು 140/90ರ ಕೆಳಗೆ ಬಂತು ಅನ್ನುವುದನ್ನೂ ಲೆಕ್ಕ ಇಟ್ಟರು. ಇದೇ ಲೆಕ್ಕವನ್ನು ಒಂದು ಕಾರ್ಖಾನೆ ಇಡಬಾರದೇ? ದುಡ್ಡೇನೂ ಬೇಕಿಲ್ಲ.

ಇನ್ನು ಜಾಗ ಬದಲಾಯಿತಾ ಅನ್ನುವ ಪ್ರಶ್ನೆ. ನಮ್ಮ ನಿಯಮಗಳ ಪ್ರಕಾರ 90 ಡೆಸಿಬಲ್ ಗದ್ದಲದಲ್ಲಿ 8 ಗಂಟೆ ಕೆಲಸ ಮಾಡಬಹುದು. 95 ಆದರೆ 4 ಗಂಟೆ, 100 ಆದರೆ 2 ಗಂಟೆ ಅಷ್ಟೇ. ಹತ್ತು ಜನರ ಕಿವಿ ಮಂದ ಆಗಿದೆ ಅಂತ ತಪಾಸಣೆಯಲ್ಲಿ ಗೊತ್ತಾದರೆ ಮುಂದೇನು? ಹತ್ತೂ ಜನರಿಗೆ ಇಯರ್ ಪ್ಲಗ್ ಕೊಟ್ಟು ಫೋಟೋ ತೆಗೆಸುವುದು ಸುಲಭ. ಯಂತ್ರಕ್ಕೆ ಕವಚ ಹಾಕಿಸಿ, ಸಡಿಲ ಬೇರಿಂಗ್ ಬದಲಾಯಿಸಿ, ಗದ್ದಲವನ್ನೇ ಇಳಿಸುವುದು ಕಷ್ಟ, ಖರ್ಚು. ಧೂಳಿಗೂ ಅಷ್ಟೇ. ಮಾಸ್ಕ್ ಕೊನೆಯ ಉಪಾಯ ಅಂತ ಎಲ್ಲ ಸುರಕ್ಷತಾ ಪಾಠಗಳಲ್ಲೂ ಇದೆ, ನಮ್ಮಲ್ಲಿ ಅದೇ ಮೊದಲನೆಯದು. 42 ಡಿಗ್ರಿ ಸೆಕೆಯಲ್ಲಿ ಮಾಸ್ಕ್ ಹಾಕಿಕೊಂಡು ಎಂಟು ಗಂಟೆ ಚೀಲ ಹೊತ್ತು ತೋರಿಸಿ ಅಂತ ಒಬ್ಬ ಹಮಾಲಿ ಸೇಫ್ಟಿಯವರಿಗೆ ಹೇಳಿದ್ದನ್ನು ಕೇಳಿದ್ದೇನೆ. ಅವರು ನಕ್ಕು ಮುಂದೆ ಹೋದರು.

ಮನಸ್ಸಿನ ಆರೋಗ್ಯದ ಕಥೆಯೂ ಬೇರೆ ಏನಿಲ್ಲ. ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿ ಇಟ್ಟುಕೊಂಡು ನೋಡಿದರು. ಒತ್ತಡ ನಿಭಾಯಿಸುವ ತರಬೇತಿ, ಧ್ಯಾನದ ಆ್ಯಪ್ ಇಂಥದ್ದರಲ್ಲಿ ಪಾಲ್ಗೊಂಡವರು ಪಾಲ್ಗೊಳ್ಳದವರಿಗಿಂತ ನೆಮ್ಮದಿಯಾಗಿ ಏನೂ ಇರಲಿಲ್ಲ. ಗಾರ್ಮೆಂಟ್ಸಿನಲ್ಲಿ ಗಂಟೆಗಿಷ್ಟು ಪೀಸ್ ಅಂತ ತಲೆಯ ಮೇಲೆ ಬೋರ್ಡ್ ತೂಗುಹಾಕಿ, ಶನಿವಾರ ಸಂಜೆ ಧ್ಯಾನ ಮಾಡಿಸಿದರೆ ಹೇಗಿರುತ್ತೋ ಹಾಗೆ.

ಕೆಲಸ ಬಿಟ್ಟಮೇಲೆ ಎಪಿಎಂಸಿ ಕಡೆ ಒಂದು ಸಣ್ಣ ರೈಸ್ ಮಿಲ್ಲಿಗೆ ಲೆಕ್ಕ ಬರೆಯಲು ವಾರಕ್ಕೆರಡು ದಿನ ಹೋಗುತ್ತೇನೆ. ಅಲ್ಲಿ ಕ್ಯಾಂಪ್ ಗೀಂಪ್ ಏನಿಲ್ಲ. ತೂಕದ ಮನೆಯ ಟೇಬಲ್ ಮೇಲೆ ಒಂದು ಬಿಪಿ ಮಷಿನ್, ಪಕ್ಕದಲ್ಲಿ 200 ಪುಟದ ನೋಟ್‌ಬುಕ್. ಮಾಲೀಕರ ತಂದೆಗೆ ಲಕ್ವ ಹೊಡೆದ ಮೇಲೆ ತಂದಿಟ್ಟಿದ್ದಂತೆ. ಶನಿವಾರ ಬಟವಾಡೆಗೆ ಬಂದವರು ಹೊರಗಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಒಳಗೆ ಬರುತ್ತಾರೆ. ಪುಸ್ತಕದಲ್ಲಿ ಹೆಸರಿಲ್ಲ, ನಂಬರ್ ಅಷ್ಟೇ. ಯಾವ ನಂಬರ್ ಯಾರದ್ದು ಅಂತ ಅವರಿಗೂ ತೂಕದ ಮನೆಯ ಅಕ್ಕನಿಗೂ ಮಾತ್ರ ಗೊತ್ತು. ನಾಲ್ಕು ಕಾಲಂ: ಇವತ್ತಿನ ಬಿಪಿ, ಹೋದ ಸಲದ್ದು, ಡಾಕ್ಟರ್ ಹತ್ತಿರ ಹೋದರಾ, ಮಾತ್ರೆ ಇನ್ನೆಷ್ಟು ದಿನಕ್ಕಿದೆ. ನಾಲ್ಕನೇ ಕಾಲಂ ಅಕ್ಕನೇ ಸೇರಿಸಿದ್ದು.

ಅದರಲ್ಲೂ ಕೊರತೆ ಇದೆ. ಮಿಲ್ಲಿನ ತೌಡಿನ ಧೂಳಿನ ಬಗ್ಗೆ ಆ ಪುಸ್ತಕ ಏನೂ ಹೇಳುವುದಿಲ್ಲ. ಫ್ಯಾನ್ ಹಾಕಿಸಿ ಅಂತ ನಾನು ಎರಡು ಸಲ ಹೇಳಿದ್ದೇನೆ, ಮಾಲೀಕರು ನೋಡೋಣ ಅಂದಿದ್ದಾರೆ. ಹೋದ ಶನಿವಾರ ನಾನು ಲೆಕ್ಕ ಮುಗಿಸಿ ಏಳುವ ಹೊತ್ತಿಗೆ ಅಕ್ಕ ಪುಸ್ತಕ ತಿರುವಿ, ಒಂದು ನಂಬರಿನ ಮುಂದೆ ನಾಲ್ಕನೇ ಕಾಲಂ ಖಾಲಿ ಇದ್ದದ್ದು ನೋಡಿ ಫೋನ್ ತೆಗೆದರು. “ಅಣ್ಣ, ಬಟವಾಡೆ ತಗೊಂಡು ಹಂಗೇ ಹೋಗೀಯಲ್ಲ. ಮಾತ್ರೆ ಅದಾವೋ, ಮುಗಿದಾವೋ?”